ಸಾನಮಾವಿನ ದಾರಿ, ಸಂಜೆಯ ಹೊತ್ತು, ನಮ್ಮ ಕಾರು

ಮೂರು ವರ್ಷದ ಹಿಂದಿನ ಮಾತು. ಡಿಸೆಂಬರ್ ತಿಂಗಳ ಮೊದಲ ವಾರ. ರಾಯಕೋಟೆಯ ನಮ್ಮ ಪಾತ್ರೆ ಅಂಗಡಿಗೆ ಬೀಗ ಹಾಕಿ ಹೊಸೂರಿನ ಮನೆಗೆ ಹೊರಟಾಗ ರಾತ್ರಿ ಎಂಟು ಹೊಡೆದಿತ್ತು. ಸ್ಟೇರಿಂಗ್ ಹಿಡಿದವನು ನಮ್ಮ ಅಣ್ಣನ ಮಗ. ಹತ್ತೊಂಬತ್ತರ ಹುಡುಗ, ಲೈಸೆನ್ಸ್ ಕೈಗೆ ಬಂದು ಐದು ತಿಂಗಳಾಗಿತ್ತು. ಪಕ್ಕದಲ್ಲಿ ನಾನು. ಹಿಂದಿನ ಸೀಟಿನಲ್ಲಿ ನಮ್ಮ ತಾಯಿ. ನೆಂಟರ ಮನೆಯ ಸೀಮಂತಕ್ಕೆಂದು ಬೆಳಿಗ್ಗೆ ನಮ್ಮೊಂದಿಗೇ ಬಂದಿದ್ದರು.

ಉದ್ದನಪಳ್ಳಿ ದಾಟಿ ಸಾನಮಾವು ಕಾಡಿನ ಸರಹದ್ದಿಗೆ ಬರುವಾಗ ಮುಂದೆ ಲಾರಿ, ಟೆಂಪೋ, ಬೈಕುಗಳು ಸಾಲಾಗಿ ನಿಂತಿದ್ದವು. ಯಾವುದೋ ಲಾರಿ ಕೆಟ್ಟು ನಿಂತಿರಬೇಕೆಂದು ಹುಡುಗ ಎಣಿಸಿದ. ಎದುರಿನಿಂದ ಯಾವ ವಾಹನವೂ ಬರುತ್ತಿರಲಿಲ್ಲವಾದ್ದರಿಂದ ಬಲಕ್ಕೆ ತೆಗೆದುಕೊಂಡು ಸಾಲನ್ನು ಹಿಂದೆ ಹಾಕುತ್ತಾ ಹೊರಟ. ನಾನೂ ಬೇಡವೆನ್ನಲಿಲ್ಲ, ಇದನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು. ಯಾರೋ ತಮಿಳಿನಲ್ಲಿ ಕೂಗಿದರು. ಟಾರ್ಚಿನ ಬೆಳಕು ಅಡ್ಡಡ್ಡ ಆಡಿತು. ಸಾಲಿನ ಮೊದಲ ಲಾರಿಯನ್ನು ದಾಟಿದೆವೋ ಇಲ್ಲವೋ, ನಮ್ಮ ದೀಪದ ಬೆಳಕಿನಲ್ಲಿ ರಸ್ತೆಯ ಮೇಲೆ ಎರಡು ಮರದ ಬೊಡ್ಡೆ ಕಂಡವು. ಬೊಡ್ಡೆ ನಡೆಯಿತು. ಅದರ ಹಿಂದೆ ಇನ್ನೆರಡು, ನಡುವೆ ಸೊಂಟದೆತ್ತರದ ಒಂದು ಮರಿ.

ಹುಡುಗ ಗಾಬರಿಯಿಂದ ರಿವರ್ಸ್ ಗೇರ್ ಹಾಕಿ ಕಾಲನ್ನು ಒತ್ತಿದ. ಹಿಂದಿನ ಚಕ್ರ ಡಾಂಬರು ಬಿಟ್ಟು ಚರಂಡಿಗಿಳಿಯಿತು, ಎಂಜಿನ್ ಆರಿತು. ತಾಯಾನೆ ನಮ್ಮ ಕಡೆ ತಿರುಗಿ, ಕಿವಿ ಅಗಲಿಸಿ ನಿಂತುಕೊಂಡಿತು. ಎಷ್ಟು ಹೊತ್ತು ನಿಂತಿತೋ ಹೇಳಲಾರೆ. ಹಿಂದಿನ ಸೀಟಿನಲ್ಲಿ ಅಮ್ಮ ಣಮೋಕಾರ ಹೇಳಿಕೊಳ್ಳುತ್ತಿದ್ದುದು ಮಾತ್ರ ಕೇಳುತ್ತಿತ್ತು. ಕಡೆಗೆ ಆನೆಯೇ ದೊಡ್ಡ ಮನಸ್ಸು ಮಾಡಿತು, ಮರಿಯನ್ನು ಸೊಂಡಿಲಿನಿಂದ ದೂಡಿಕೊಂಡು ಕಾಡಿಗಿಳಿಯಿತು. ಅರಣ್ಯ ಇಲಾಖೆಯ ಸಿಬ್ಬಂದಿ, ಲಾರಿಯವರು ಎಲ್ಲರೂ ಸೇರಿ ಕಾರನ್ನು ಎತ್ತಿ ರಸ್ತೆಗೆ ತಂದರು. ಅವರಲ್ಲಿ ವಯಸ್ಸಾದ ಒಬ್ಬರು, "ಏನ್ ಸಾಮಿ, ಅಷ್ಟು ಅವಸರ?" ಎಂದಷ್ಟೇ ಕೇಳಿ ಟಾರ್ಚು ಆರಿಸಿದರು.

ಮನೆ ಸೇರಿದ ಮೇಲೆ ಅಮ್ಮ ಆಡಿದ್ದು ಇಷ್ಟೇ: "ನಿಮ್ಮಪ್ಪ ಬಸ್ಸಿನಲ್ಲಿ ಓಡಾಡುವಾಗ ಹೊತ್ತು ಮುಳುಗೋದ್ರೊಳಗೆ ತಟ್ಟೆ ಮುಂದೆ ಕೂತಿರ್ತಿದ್ರು. ಕಾರು ತಗೊಂಡಿದ್ದು ಬೇಗ ಬರೋದಕ್ಕೆ ಅಲ್ವೇನೋ?"

ಆ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಅನಂತರ ನಮ್ಮ ಮನೆಯಲ್ಲಿ ಕಾರಿನ ವಿಷಯವಾಗಿ ನಡೆದ ಚರ್ಚೆ, ಮಾಡಿಕೊಂಡ ತಿದ್ದುಪಡಿ, ಕಲಿತ ಕಾಯಿದೆಯ ಮಾತು ಇವನ್ನೆಲ್ಲ ನಮ್ಮಂತೆಯೇ ಅಂಗಡಿ ಒಂದೂರಲ್ಲಿ, ಮನೆ ಇನ್ನೊಂದೂರಲ್ಲಿ ಇಟ್ಟುಕೊಂಡಿರುವ ಬಂಧುಗಳಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಬಸ್ಸಿನ ಕಾಲ, ಕಾರಿನ ಕಾಲ

ಹೊಸೂರಿನಿಂದ ರಾಯಕೋಟೆಗೆ ಸುಮಾರು 30 ಕಿಲೋಮೀಟರ್. ರಾಯಕೋಟೆಯ ಟೊಮ್ಯಾಟೊ ಮಾರುಕಟ್ಟೆ ಈ ಸೀಮೆಗೆಲ್ಲ ಹೆಸರಾದದ್ದು. ರೈತನ ಕೈಗೆ ದುಡ್ಡು ಬಂದ ದಿನ ಪಾತ್ರೆ ಅಂಗಡಿಗೂ ಗಿರಾಕಿ. ನಮ್ಮ ತಂದೆಯವರು ಬೆಳಗಿನ ಬಸ್ಸಿಗೆ ಹೋಗಿ, ಮಧ್ಯಾಹ್ನ ನಾಲ್ಕೂವರೆಯ ಬಸ್ಸಿಗೆ ಹೊರಡುತ್ತಿದ್ದರು. ಬಸ್ಸು ಅವರಿಗಾಗಿ ಕಾಯುತ್ತಿರಲಿಲ್ಲ, ಆದ್ದರಿಂದ ಗಲ್ಲಾ ಮುಚ್ಚುವ ಹೊತ್ತು ತಪ್ಪುತ್ತಿರಲಿಲ್ಲ. ಎಷ್ಟೇ ದೊಡ್ಡ ಗಿರಾಕಿ ಬಂದರೂ "ನಾಳೆ ಬನ್ನಿ, ಇದೇ ರೇಟಿಗೆ ಕೊಡ್ತೀನಿ" ಎಂದು ಎದ್ದುಬಿಡುತ್ತಿದ್ದರು.

ತೊಂಬತ್ತರ ದಶಕದಲ್ಲಿ ನಮ್ಮಣ್ಣ ಹಳೆಯ ಮಾರುತಿ ಓಮ್ನಿ ಒಂದನ್ನು ಕೊಂಡ. ಆಗ ನಮಗಾದ ಸಂಭ್ರಮ ಹೇಳತೀರದು. ಮೊದಲ ತಿಂಗಳು ಬಸ್ಸಿಗಿಂತ ಅರ್ಧ ಗಂಟೆ ಮುಂಚೆ ಮನೆ ಸೇರಿದೆವು. ಎರಡನೆಯ ತಿಂಗಳು ಬಸ್ಸಿನ ಹೊತ್ತಿಗೆ ಸೇರಿದೆವು. ವರ್ಷ ಕಳೆಯುವಷ್ಟರಲ್ಲಿ ಅಂಗಡಿ ಮುಚ್ಚುವುದು ಏಳಕ್ಕೆ ಬಂತು, ಆಮೇಲೆ ಎಂಟಕ್ಕೆ. ಸ್ವಂತ ಗಾಡಿ ಇದೆಯಲ್ಲ, ಹೋದರಾಯಿತು ಎಂಬ ಧೈರ್ಯ. ಕಾರು ಉಳಿಸಿಕೊಟ್ಟ ಸಮಯವನ್ನು ಅಂಗಡಿ ತಿಂದಿತು. ಸಂಜೆಯ ಊಟ ಡಬ್ಬಿಗೆ ಬಂತು. ಗಿರಾಕಿಯ ಗದ್ದಲದಲ್ಲಿ ಹೊತ್ತು ಮೀರಿ, ಡಬ್ಬಿ ತೆರೆಯದೆ ಹಾಗೆಯೇ ಮನೆಗೆ ವಾಪಸು ಬಂದ ದಿನಗಳೂ ಉಂಟು. ನಮ್ಮ ಭಾಗದಲ್ಲಿ ನವೆಂಬರ್ ತಿಂಗಳಲ್ಲಿ ಸೂರ್ಯ ಐದು ಮುಕ್ಕಾಲು ದಾಟುತ್ತಿದ್ದಂತೆ ಮುಳುಗುತ್ತಾನೆ. ಜೂನ್ ಕೊನೆಯಲ್ಲಿ ಆರೂ ಮುಕ್ಕಾಲಿನವರೆಗೆ ಬೆಳಕಿರುತ್ತದೆ. ಅಂದರೆ ಯಾವ ತಿಂಗಳಲ್ಲಿ ಬೇಗ ಹೊರಡಬೇಕೋ ಆ ತಿಂಗಳಲ್ಲೇ ನಾವು ಹೆಚ್ಚು ಹೊತ್ತು ಕೂರುತ್ತಿದ್ದೆವು. ಸುಗ್ಗಿಯ ಕಾಲ ನೋಡಿ!

ಸುಗ್ಗಿ ನಮಗೆ ಮಾತ್ರವಲ್ಲ. ಬನ್ನೇರುಘಟ್ಟದ ಕಡೆಯಿಂದ ತಳಿ, ಜವಳಗಿರಿ, ದೆಂಕಣಿಕೋಟೆ ಕಾಡುಗಳ ಮೂಲಕ ಆನೆಗಳು ಪ್ರತಿ ವರ್ಷ ಈ ಕಡೆ ಬರುತ್ತವೆ. ರಾಗಿ ತೆನೆಗಟ್ಟುವ, ಕೊಯ್ಲಾಗುವ ಚಳಿಗಾಲದ ತಿಂಗಳುಗಳಲ್ಲಿ ಹಿಂಡುಗಳು ಸಾನಮಾವು ಮೀಸಲು ಅರಣ್ಯದಲ್ಲಿ ಹಗಲೆಲ್ಲ ತಂಗಿದ್ದು, ಕತ್ತಲಾದ ಮೇಲೆ ಹೊಲಗಳಿಗಿಳಿಯುತ್ತವೆ. ರಾಯಕೋಟೆ ರಸ್ತೆಯನ್ನು ದಾಟುತ್ತವೆ. ಅತ್ತ ಶೂಲಗಿರಿಯ ಕಡೆಗೆ ಹೋಗಬೇಕಾದರೆ ಬೆಂಗಳೂರು–ಕೃಷ್ಣಗಿರಿ ಹೆದ್ದಾರಿಯನ್ನೂ ದಾಟಬೇಕು. ಅರಣ್ಯ ಸಿಬ್ಬಂದಿ ರಸ್ತೆಯಲ್ಲಿ ವಾಹನ ನಿಲ್ಲಿಸಿ ಅವನ್ನು ದಾಟಿಸುವುದು ಈ ದಾರಿಯವರಿಗೆ ಹೊಸತಲ್ಲ. ನಮ್ಮ ಜಿಲ್ಲೆಯಲ್ಲಿ ಆನೆಯ ಕಾಲಿಗೆ ಸಿಕ್ಕಿ ಪ್ರಾಣ ಬಿಟ್ಟ ರೈತರಿದ್ದಾರೆ, ವಿದ್ಯುತ್ ತಂತಿಗೂ ವಾಹನಕ್ಕೂ ಸಿಕ್ಕಿ ಸತ್ತ ಆನೆಗಳಿವೆ. ರಾತ್ರಿ ಎಂಟಕ್ಕೆ ಆ ದಾರಿಯಲ್ಲಿ ಹೊರಟ ನಾವು ಇದಾವುದೂ ತಿಳಿಯದವರೇನಲ್ಲ. ದಿನವೂ ಪತ್ರಿಕೆಯಲ್ಲಿ ಓದುತ್ತಿದ್ದೆವು, ನಮ್ಮ ಕಾರಿಗೆ ಅದು ಸಂಬಂಧಿಸಿದ್ದಲ್ಲ ಎಂದುಕೊಂಡಿದ್ದೆವು.

ಕಣ್ಣಿಗೆ ಕಾಣುವಷ್ಟು ದೂರ

ಮರುದಿನ ಅಣ್ಣನಿಗೆ ಮಗನ ಮೇಲೆ ಬಹಳ ಕೋಪ ಬಂದಿತ್ತು. ಹುಡುಗನ ಕೈಯಿಂದ ಕೀಲಿ ಕಿತ್ತುಕೊಂಡರೆ ಸಮಸ್ಯೆ ಮುಗಿಯಿತು ಎಂಬುದು ಅವನ ವಾದ. ನನಗೆ ಹಾಗನ್ನಿಸಲಿಲ್ಲ. ನಾನೇ ಓಡಿಸಿದ್ದರೂ ಏನು ಮಾಡುತ್ತಿದ್ದೆ? ಆ ದಿನ ಹುಡುಗ 70ರ ಮೇಲೆ ಬಂದಿದ್ದ, ಅದೇ ರಸ್ತೆಯಲ್ಲಿ ನಾನು ಎಷ್ಟೋ ಸಲ 80ರಲ್ಲಿ ಹೋದದ್ದುಂಟು.

ವ್ಯಾಪಾರಸ್ಥರಿಗೆ ಲೆಕ್ಕದಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ. ಗಂಟೆಗೆ 80 ಕಿಲೋಮೀಟರ್ ಎಂದರೆ ಸೆಕೆಂಡಿಗೆ 22 ಮೀಟರ್. ಎದುರಿಗೆ ಏನೋ ಕಂಡು, ಅದು ಏನೆಂದು ತಿಳಿದು, ಕಾಲು ಬ್ರೇಕಿನ ಮೇಲೆ ಬೀಳುವುದಕ್ಕೆ ಒಂದು ಸೆಕೆಂಡಾದರೂ ಬೇಕು, ಅಷ್ಟರಲ್ಲಿ 22 ಮೀಟರ್ ಹೋಯಿತು. ಒಳ್ಳೆಯ ಟೈರು, ಒಣಗಿದ ರಸ್ತೆಯಿದ್ದರೂ ಕಾರು ನಿಲ್ಲಲು ಇನ್ನೂ 35 ಮೀಟರ್ ಆಸುಪಾಸು ಬೇಕು. ಒಟ್ಟು 57. ಕೆಳಗಿಳಿಸಿದ ದೀಪ, ಅಂದರೆ ಡಿಪ್ಪು, ರಸ್ತೆಯನ್ನು ಚೆನ್ನಾಗಿ ತೋರಿಸುವುದು 40–50 ಮೀಟರ್ ಮಾತ್ರ. ಕಂಡ ಮೇಲೆ ಬ್ರೇಕು ಹಾಕಿದರೂ ಗುದ್ದಿಯೇ ತೀರುತ್ತೇವೆ ಎಂದಾಯಿತು. ಅದೇ 50ರ ವೇಗದಲ್ಲಿ ಬಂದರೆ ಎಲ್ಲಾ ಸೇರಿ 28 ಮೀಟರಿಗೆ ಕಾರು ನಿಲ್ಲುತ್ತದೆ. ಆನೆಯಾಗಲಿ, ದೀಪವಿಲ್ಲದ ಎತ್ತಿನ ಗಾಡಿಯಾಗಲಿ, ಕುಡಿದು ಬಿದ್ದವನಾಗಲಿ, ಉಳಿಯುತ್ತದೆ. ಸಾನಮಾವಿನ ಹನ್ನೆರಡು ಕಿಲೋಮೀಟರನ್ನು 80ರ ಬದಲು 50ರಲ್ಲಿ ಬಂದರೆ ತಡವಾಗುವುದು ಐದೂವರೆ ನಿಮಿಷ. ಈ ಲೆಕ್ಕವನ್ನು ನಮ್ಮ ಹುಡುಗನೇ ಕಾಗದದ ಮೇಲೆ ಮಾಡಿ ತೋರಿಸಿದ. ಅಂದು ರಾತ್ರಿ ಅವನಿಗೆ ನಿದ್ರೆ ಬಂದಿರಲಿಲ್ಲ.

ಚಳಿಗಾಲದ ಮಂಜಿನಲ್ಲಿ ಈ ಲೆಕ್ಕವೂ ನಡೆಯುವುದಿಲ್ಲ. ಹೊಸೂರು ಎತ್ತರದ ಬಯಲು, ಡಿಸೆಂಬರ್ ಜನವರಿಯಲ್ಲಿ ಬೆಳಗಿನ ಏಳೂವರೆಗೂ ಎದುರಿನ ಬಸ್ಸು ಕಾಣದ ದಿನಗಳಿರುತ್ತವೆ. ಆಗ ಎತ್ತರದ ದೀಪ ಹಾಕಿದರೆ ಮಂಜೇ ಬಿಳಿ ಗೋಡೆಯಾಗಿ ಎದುರು ನಿಲ್ಲುತ್ತದೆ, ಡಿಪ್ಪಿನಲ್ಲೇ ನಿಧಾನವಾಗಿ ಬರಬೇಕು. ಇಲ್ಲಿ ನಮ್ಮ ಸಮಾಜದವರು ಗಮನಿಸಬೇಕಾದ ಇನ್ನೊಂದು ಮಾತಿದೆ. ಚಾತುರ್ಮಾಸ ಮುಗಿದು ತ್ಯಾಗಿಗಳ ವಿಹಾರ ಆರಂಭವಾಗುವುದೂ ಇದೇ ಋತುವಿನಲ್ಲಿ. ಬೆಂಗಳೂರಿಗೂ ಚೆನ್ನೈಗೂ ನಡುವೆ ನಡೆದು ಹೋಗುವ ಸಂಘಗಳು ನಮ್ಮ ಹೊಸೂರು, ಕೃಷ್ಣಗಿರಿ ಹೆದ್ದಾರಿಯ ಅಂಚಿನಲ್ಲೇ ಬೆಳಗಿನ ಮಬ್ಬಿನಲ್ಲಿ ಸಾಗುತ್ತವೆ. ವಿಹಾರದಲ್ಲಿದ್ದ ಸಾಧು ಸಾಧ್ವಿಯರಿಗೆ ವಾಹನ ಬಡಿದ ಸುದ್ದಿ ದೇಶದ ಬೇರೆ ಬೇರೆ ಕಡೆಯಿಂದ ಬರುತ್ತಲೇ ಇದೆ. ಜೊತೆಗೆ ಹೋಗುವ ಶ್ರಾವಕರು ಸಾಮಾನ್ಯವಾಗಿ ಕಾರನ್ನು ಮುಂದಿನ ಊರಿಗೆ ಕಳಿಸಿ ಅಡುಗೆಯ ಏರ್ಪಾಟು ನೋಡಿಕೊಳ್ಳುತ್ತಾರೆ. ಒಂದು ಕಾರು ಹಿಂದೆ, ನಾಲ್ಕೂ ಸಿಗ್ನಲ್ ದೀಪ ಮಿನುಗಿಸಿಕೊಂಡು, ನಡಿಗೆಯ ವೇಗದಲ್ಲಿ ಬರುವುದು ಅದಕ್ಕಿಂತ ಹೆಚ್ಚಿನ ಸೇವೆಯಲ್ಲವೇ? ನಡೆಯುವವರ ಕೈಗೆ ಬೆಳಕು ತಿರುಗಿಸುವ ಪಟ್ಟಿಯ ಜಾಕೆಟ್ ಕೊಟ್ಟರೆ ಇನ್ನೂ ಒಳ್ಳೆಯದು. ನೆಲ ನೋಡಿ ಹೆಜ್ಜೆಯಿಡುವವರು ಅವರು, ಹಿಂದೆ ನೋಡಿಕೊಳ್ಳಬೇಕಾದವರು ನಾವು.

ಕಾಗದ ಪತ್ರದ ಗೋಳು

ಚರಂಡಿಗಿಳಿದ ಕಾರಿನ ಹಿಂದಿನ ಬಂಪರು ಒಡೆದಿತ್ತು, ಸೈಲೆನ್ಸರ್ ಬಾಗಿತ್ತು. ವಿಮೆಗೆ ಅರ್ಜಿ ಹಾಕೋಣವೆಂದು ಪಾಲಿಸಿ ಹೊರತೆಗೆದು, ಬಹುಶಃ ಮೊದಲ ಸಲ, ಪೂರ್ತಿ ಓದಿದೆ. ಆಗ ತಲೆ ತಿರುಗಿತು.

ನಮ್ಮಲ್ಲಿ ಅನೇಕರಂತೆ ನಾವೂ ಕಾರಿನ ಹಿಂದಿನ ಸೀಟು ಮಡಚಿ ಬೆಂಗಳೂರಿನಿಂದ ಮಾಲು ತರುತ್ತಿದ್ದೆವು. ಖಾಸಗಿ ಕಾರಿನ ಪಾಲಿಸಿಯಲ್ಲಿ ಉಪಯೋಗದ ಮಿತಿ ಎಂಬ ಕಲಮು ಇರುತ್ತದೆ. ಬಾಡಿಗೆಗೆ ಓಡಿಸುವುದು, ಮಾದರಿ ಸರಕು ಮತ್ತು ಸ್ವಂತ ಲಗೇಜಿನ ಹೊರತು ಬೇರೆ ಸರಕು ಸಾಗಿಸುವುದು, ಇವಕ್ಕೆ ವಿಮೆ ಅನ್ವಯಿಸದು ಎಂದು ಅದರಲ್ಲಿ ಸ್ಪಷ್ಟವಾಗಿ ಅಚ್ಚಾಗಿದೆ. ಅಂದು ರಾತ್ರಿ ಕಾರಿನಲ್ಲಿ ಮಾಲು ಇರಲಿಲ್ಲ, ಬಚಾವಾದೆವು. ಇದ್ದಿದ್ದರೆ ಆನೆಗೂ ಉತ್ತರ ಹೇಳಬೇಕಿತ್ತು, ಕಂಪನಿಗೂ ಹೇಳಬೇಕಿತ್ತು. ಮಾಲಿನ ಬೆಲೆ 50,000 ರೂಪಾಯಿ ಮೀರಿ ರಾಜ್ಯದ ಗಡಿ ದಾಟುವುದಾದರೆ ಇ-ವೇ ಬಿಲ್ಲು ಬೇಕು ಎಂಬ ನಿಯಮ 2018ರ ಏಪ್ರಿಲ್‌ನಿಂದ ಇದೆ. ಸಾಗಿಸುವುದು ಸ್ವಂತ ಕಾರಿನಲ್ಲೇ ಆದರೂ ತಪ್ಪದು. ಅತ್ತಿಬೆಲೆಯಲ್ಲಿ ಹಿಂದಿನ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟಿನ ಸಾಲು 2017ರ ನಂತರ ಇಲ್ಲವಾದ್ದರಿಂದ ಯಾರು ಕೇಳುತ್ತಾರೆ ಎಂಬ ಉದಾಸೀನ ನಮ್ಮಲ್ಲಿ ಬಂದಿದೆ. ದಾರಿಯಲ್ಲಿ ನಿಲ್ಲಿಸಿ ಕೇಳುವ ಅಧಿಕಾರ ಅವರಿಗೆ ಈಗಲೂ ಇದೆ. ನಾವು ಈಗ ಮಾಲನ್ನು ಲಾರಿ ಪಾರ್ಸೆಲಿಗೆ ಹಾಕುತ್ತೇವೆ. ದುಡ್ಡು ಸ್ವಲ್ಪ ಹೆಚ್ಚು, ಆದರೆ ಸೀಟು ಹರಿಯುವುದಿಲ್ಲ, ಬೆನ್ನು ನೋಯುವುದಿಲ್ಲ.

ವಿಮೆಯ ಕ್ಲೇಮು ಮಾಡಲೋ ಬೇಡವೋ ಎಂಬುದೂ ಒಂದು ಲೆಕ್ಕವೇ. ಕ್ಲೇಮು ಇಲ್ಲದ ವರ್ಷಗಳಿಗೆ ಪ್ರೀಮಿಯಂನಲ್ಲಿ, ಅಂದರೆ ಸ್ವಂತ ವಾಹನದ ಹಾನಿಯ ಭಾಗದಲ್ಲಿ, ಮೊದಲ ವರ್ಷ ಶೇಕಡಾ 20ರಿಂದ ಹಿಡಿದು ಐದು ವರ್ಷಕ್ಕೆ ಶೇಕಡಾ 50ರವರೆಗೆ ರಿಯಾಯಿತಿ ಸಿಗುತ್ತದೆ. ಒಂದು ಕ್ಲೇಮು ಮಾಡಿದರೆ ಅದು ಸೊನ್ನೆಗಿಳಿಯುತ್ತದೆ. ನಮ್ಮ ಬಂಪರಿಗೆ ಬಂದ ಬಿಲ್ಲು ಎರಡು ವರ್ಷದ ರಿಯಾಯಿತಿಗಿಂತ ಕಡಿಮೆಯಿತ್ತು, ಕೈಯಿಂದಲೇ ಕಟ್ಟಿದೆವು.

ಕಾಗದದ ಮಾತು ಬಂದಾಗ ಹಳೆಯ ಓಮ್ನಿಯ ಕಥೆ ಹೇಳದಿದ್ದರೆ ಅಪೂರ್ಣವಾಗುತ್ತದೆ. ಅದನ್ನು ನಾವು ಪರಿಚಯದ ದಲ್ಲಾಳಿಯೊಬ್ಬರಿಗೆ ಮಾರಿದೆವು. ಫಾರಂ 29, ಫಾರಂ 30 ಎರಡಕ್ಕೂ ಖಾಲಿ ರುಜು ಮಾಡಿಕೊಟ್ಟು, ದುಡ್ಡೆಣಿಸಿಕೊಂಡು, ಕೀಲಿ ಕೊಟ್ಟು ಬಂದೆವು. ನಮ್ಮ ಮಟ್ಟಿಗೆ ವ್ಯವಹಾರ ಮುಗಿದಿತ್ತು. ನಾಲ್ಕು ವರ್ಷದ ನಂತರ ಅಣ್ಣನ ಹೆಸರಿಗೆ ನೋಟೀಸು ಬಂತು. ಆ ಓಮ್ನಿ ಎಲ್ಲೋ ಒಬ್ಬ ಸೈಕಲ್ ಸವಾರನಿಗೆ ತಗುಲಿತ್ತು. ನಡುವೆ ಮೂರು ಕೈ ಬದಲಾಗಿದ್ದರೂ ಆರ್.ಸಿ. ಪುಸ್ತಕದಲ್ಲಿ ಅಣ್ಣನೇ ಮಾಲೀಕ. ದೇವರ ದಯೆ, ಆ ಮನುಷ್ಯ ಬದುಕಿಕೊಂಡ, ನಾವು ವಕೀಲರ ಮನೆ ತಿರುಗಿ ಹೇಗೋ ಪಾರಾದೆವು. ಇಂಥದ್ದೇ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿದೆ. ವಾಹನ ಎಷ್ಟೇ ಕೈ ಬದಲಾಗಿರಲಿ, ನೋಂದಣಿಯಲ್ಲಿ ಯಾರ ಹೆಸರಿದೆಯೋ ಪರಿಹಾರದ ಹೊಣೆಗೆ ಅವರೇ ಮಾಲೀಕರು. ಆದ್ದರಿಂದ ಮಾರುವವರು, ದುಡ್ಡು ಕೈಗೆ ಬಂದಿದೆ ಎಂದು ಸುಮ್ಮನಿರದೆ, ಅದೇ ರಾಜ್ಯದಲ್ಲಾದರೆ 14 ದಿನದೊಳಗೆ, ಹೊರ ರಾಜ್ಯಕ್ಕಾದರೆ 45 ದಿನದೊಳಗೆ ನೋಂದಣಿ ಅಧಿಕಾರಿಗೆ ತಿಳಿಸಬೇಕು. ಕೊಂಡವರು ವಿಮೆಯನ್ನೂ 14 ದಿನದೊಳಗೆ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಇಲ್ಲವಾದರೆ ಎದುರಿನವರಿಗೆ ಪರಿಹಾರ ಸಿಕ್ಕೀತು, ಕೊಂಡವರ ಕಾರಿನ ರಿಪೇರಿಗೆ ಸಿಗದು. ಉದ್ರಿ ಕೊಟ್ಟಾಗ ನಾಲ್ಕು ಸಲ ಪುಸ್ತಕ ನೋಡುವ ನಾವು ಕಾರಿನ ಖಾಲಿ ಕಾಗದಕ್ಕೆ ರುಜು ಮಾಡುತ್ತೇವೆ!

ಕೆ.ಎ.ಯೋ ಟಿ.ಎನ್.ಓ

ಗಡಿಯಲ್ಲಿರುವ ನಮಗೆ ಇನ್ನೊಂದು ತಲೆನೋವು ನಂಬರ್ ಪ್ಲೇಟಿನದು. ಮಗಳನ್ನು ಕೊಟ್ಟಿರುವುದು ಬೆಂಗಳೂರಿಗೆ, ಸೊಸೆ ತಂದಿರುವುದು ಧರ್ಮಪುರಿಯಿಂದ, ವ್ಯಾಪಾರ ಎರಡೂ ಕಡೆ. ಬೆಂಗಳೂರಿನ ಭಾವ ತಮ್ಮ ಐದು ವರ್ಷದ ಕಾರನ್ನು ಮನೆಯವರ ರೇಟಿಗೆ ಕೊಡುತ್ತೇನೆಂದಾಗ ನಮ್ಮಲ್ಲಿ ದೊಡ್ಡ ಚರ್ಚೆಯಾಯಿತು. ಕೆ.ಎ. ನಂಬರಿನಲ್ಲೇ ಓಡಿಸಿದರಾಯಿತು ಎಂದು ಅಣ್ಣ. ಕಾಯಿದೆ ಹಾಗಿಲ್ಲ. ಮೋಟಾರು ವಾಹನ ಕಾಯಿದೆ 1988ರ ಪ್ರಕಾರ ಮಾಲೀಕರು ವಾಸವಿರುವ ಅಥವಾ ವ್ಯಾಪಾರವಿರುವ, ವಾಹನ ಸಾಮಾನ್ಯವಾಗಿ ನಿಲ್ಲುವ ರಾಜ್ಯದಲ್ಲಿ ನೋಂದಣಿಯಾಗಬೇಕು. ಬೇರೆ ರಾಜ್ಯದ ವಾಹನ 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿದ್ದರೆ ಇಲ್ಲಿಯ ನಂಬರು ಪಡೆಯಬೇಕು. ಅದಕ್ಕೆ ಹಳೆಯ ಕಚೇರಿಯ ನಿರಾಕ್ಷೇಪಣಾ ಪತ್ರ, ಅಂದರೆ ಫಾರಂ 28, ಬೇಕು. ಹೊಸ ರಾಜ್ಯಕ್ಕೆ ಆಯುಷ್ಯ ತೆರಿಗೆಯನ್ನು ಕಾರಿನ ವಯಸ್ಸು ನೋಡಿ ಕಟ್ಟಬೇಕು, ಹಳೆಯ ರಾಜ್ಯದಿಂದ ಉಳಿದ ವರ್ಷಗಳದ್ದನ್ನು ವಾಪಸು ಕೇಳಬಹುದು. ಕಟ್ಟುವುದು ಇಂದು, ವಾಪಸು ಬರುವುದು ಎಂದೋ. ಆ ಮಧ್ಯದ ಬಡ್ಡಿಯನ್ನು ಕಾರಿನ ಬೆಲೆಗೆ ಸೇರಿಸಿ ನೋಡಿದರೆ ಮನೆಯವರ ರೇಟು ಪೇಟೆಯ ರೇಟಿಗಿಂತ ಹೆಚ್ಚೇ ಆಯಿತು. ಭಾವನವರಿಗೆ ಬೇಸರವಾಗದಂತೆ ಹೇಳುವುದೇ ಕಷ್ಟವಾಯಿತು.

2021ರಲ್ಲಿ ಬಂದ ಬಿ.ಎಚ್. ನಂಬರನ್ನು ಕೆಲವರು ಹೆಸರಿಸುತ್ತಾರೆ. ಅದು ಸರ್ಕಾರಿ ನೌಕರರಿಗೆ, ಹಾಗೂ ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯಿರುವ ಖಾಸಗಿ ಕಂಪನಿಗಳ ನೌಕರರಿಗೆ. ಅಂಗಡಿ ಇಟ್ಟ ನಮಗಲ್ಲ. ಕಡೆಗೆ ಹೊಸೂರಿನಲ್ಲೇ, ಟಿ.ಎನ್. 70 ನಂಬರಿನಲ್ಲಿ ಕಾರು ಕೊಂಡೆವು. ಪೆಟ್ರೋಲೇ ಆರಿಸಿದೆವು. 2012ರ ಹೊತ್ತಿಗೆ ಪೆಟ್ರೋಲಿಗೂ ಡೀಸೆಲಿಗೂ ಲೀಟರಿಗೆ 25 ರೂಪಾಯಿಗೂ ಮೀರಿದ ಅಂತರವಿದ್ದು, ಡೀಸೆಲ್ ಕಾರು ಕೊಂಡವನೇ ಜಾಣನಾಗಿದ್ದ. 2014ರ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆಯ ನಿಯಂತ್ರಣ ತೆಗೆದ ಮೇಲೆ ಆ ಅಂತರ ಬಹಳ ತಗ್ಗಿತು. 2020ರ ಏಪ್ರಿಲ್‌ನಿಂದ ಬಿ.ಎಸ್. 6 ನಿಯಮ ಬಂದಾಗ ಸಣ್ಣ ಡೀಸೆಲ್ ಕಾರುಗಳೇ ಹೆಚ್ಚಿನವು ನಿಂತುಹೋದವು. ದಿನಕ್ಕೆ 60 ಕಿಲೋಮೀಟರ್ ಓಡುವವರಿಗೆ ಈಗ ಅದರಲ್ಲಿ ದೊಡ್ಡ ಉಳಿತಾಯವಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಹದಿನಾರು, ಹದಿನೇಳರ ಮಕ್ಕಳ ಕೈಗೆ "ಬಸದಿಯವರೆಗೆ ಅಷ್ಟೇ" ಎಂದು ಕೀಲಿ ಕೊಡುವ ತಂದೆಯರು ನಮ್ಮಲ್ಲಿ ಕಡಿಮೆಯಿಲ್ಲ. 2019ರ ತಿದ್ದುಪಡಿಯ ಪ್ರಕಾರ ಅಂಥ ಮಗು ತಪ್ಪು ಮಾಡಿದರೆ ತಂದೆಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸ. ವಾಹನದ ನೋಂದಣಿ 12 ತಿಂಗಳು ರದ್ದು. ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ.

ಆನೆ ಎದುರಾದರೆ

ನಮ್ಮ ಕಾರನ್ನು ಚರಂಡಿಯಿಂದ ಎತ್ತಿದ ಆ ಹಿರಿಯ ಸಿಬ್ಬಂದಿಯನ್ನು ಅನಂತರ ಒಮ್ಮೆ ಹಗಲಿನಲ್ಲಿ ಕಂಡು ಕೃತಜ್ಞತೆ ಹೇಳಿ ಬಂದೆ. ಅವರು ಕಲಿಸಿದ್ದನ್ನು ಬರೆಯುತ್ತೇನೆ. ಮುಂದೆ ವಾಹನಗಳು ನಿಂತಿದ್ದರೆ ನೀವೂ ಸಾಲಿನಲ್ಲೇ, ಮುಂದಿನ ಗಾಡಿಯಿಂದ ತಿರುಗಿಸಿಕೊಳ್ಳುವಷ್ಟು ಜಾಗ ಬಿಟ್ಟು ನಿಲ್ಲಿ. ಹಾರನ್ ಬೇಡ, ಎತ್ತರದ ದೀಪ ಬೇಡ, ಎಂಜಿನ್ ರೇಗಿಸುವುದು ಬೇಡ, ಆದರೆ ಆರಿಸಲೂ ಬೇಡ. ಬಾಗಿಲು ತೆರೆದು ಮೊಬೈಲಿನಲ್ಲಿ ಚಿತ್ರ ತೆಗೆಯಲು ಇಳಿಯಲೇಬೇಡಿ. ಒಂದು ಆನೆ ದಾಟಿತೆಂದರೆ ದಾರಿ ಬಿಟ್ಟಿತೆಂದು ಅರ್ಥವಲ್ಲ, ಹಿಂಡು ಒಂದರ ಹಿಂದೆ ಒಂದು ಬರುತ್ತದೆ. ಮರಿಗೂ ತಾಯಿಗೂ ನಡುವೆ ನುಗ್ಗುವುದಕ್ಕಿಂತ ದೊಡ್ಡ ತಪ್ಪಿಲ್ಲ. ಆನೆಗೆ ಮೂಗು ಬಹಳ ಚುರುಕು, ಬಾಳೆಹಣ್ಣು, ಬೆಲ್ಲ, ಹಲಸು ಇಂಥವನ್ನು ತುಂಬಿಕೊಂಡು ಗಾಜು ಇಳಿಸಿ ಕೂರಬೇಡಿ. ಬಸದಿಯ ಪೂಜೆಗೆಂದು ನಾವು ಎಷ್ಟೋ ಸಲ ಬಾಳೆಗೊನೆ ಹಾಕಿಕೊಂಡು ಅದೇ ದಾರಿಯಲ್ಲಿ ಬಂದದ್ದು ನೆನಪಾಗಿ ಮೈ ಜುಮ್ಮೆಂದಿತು. "ಅವು ನಿಮ್ಮ ರಸ್ತೆಗೆ ಬಂದಿಲ್ಲ ಸಾಮಿ, ರಸ್ತೆನೇ ಅವುಗಳ ದಾರಿಗೆ ಬಂದಿದೆ," ಎಂದರು. ಟೀ ಕುಡಿಯುತ್ತಾ ಸಹಜವಾಗಿಯೇ ಹೇಳಿದರು. ಈಗ ನೇರಳೂರಿನಿಂದ ತೊರಪಳ್ಳಿ, ರಾಯಕೋಟೆ ಮೇಲೆ ಧರ್ಮಪುರಿಗೆ ರಾಷ್ಟ್ರೀಯ ಹೆದ್ದಾರಿ 844ರ ನಾಲ್ಕು ಸಾಲಿನ ಕೆಲಸ ನಡೆದಿರುವುದನ್ನು ನೋಡುವಾಗ ಆ ಮಾತು ಆಗಾಗ ನೆನಪಿಗೆ ಬರುತ್ತದೆ. ರಸ್ತೆ ಅಗಲವಾದಷ್ಟೂ ನಮ್ಮ ಕಾಲು ಇನ್ನಷ್ಟು ಒತ್ತುತ್ತದೆ.

ಐದು ಗಂಟೆಯ ಬೀಗ

ಅಮ್ಮನ ಪ್ರಶ್ನೆಗೆ ಮನೆಯಲ್ಲಿ ಕೂತು ಉತ್ತರ ಹುಡುಕಿದೆವು. ಅಕ್ಟೋಬರ್ ಮೊದಲ ವಾರದಿಂದ ಫೆಬ್ರವರಿ ಕೊನೆಯವರೆಗೆ ನಮ್ಮ ಕಾರು ಸಂಜೆ ನಾಲ್ಕೂಮುಕ್ಕಾಲಿಗೆ ರಾಯಕೋಟೆ ಬಿಡಬೇಕು. ಉಳಿದ ತಿಂಗಳು ಐದೂವರೆಗೆ. ಅಣ್ಣ ಸುಲಭವಾಗಿ ಒಪ್ಪಲಿಲ್ಲ. ಸಂಜೆ ಕೂಲಿ ಬಟವಾಡೆಯಾದ ಮೇಲೆ ಬರುವ ಗಿರಾಕಿಗಳೇ ನಮ್ಮ ಅಲ್ಯೂಮಿನಿಯಂ, ಸ್ಟೀಲು ಚಿಲ್ಲರೆಗೆ ಆಧಾರ. "ಆನೆ ದಿನಾ ಬರುತ್ತಾ? ಗಿರಾಕಿ ದಿನಾ ಬರ್ತಾನೆ," ಎಂದ. ಅವನ ಮಾತಿನಲ್ಲೂ ಸತ್ಯವಿತ್ತು. ಮೊದಲ ಎರಡು ತಿಂಗಳು ವ್ಯಾಪಾರ ಐದನೆಯ ಒಂದು ಭಾಗದಷ್ಟು ಇಳಿಯಿತು. ಕಿರ್ದಿ ಪುಸ್ತಕವನ್ನು ತೆರೆದು ನನ್ನ ಮುಂದೆ ಇಟ್ಟ, ಮಾತಾಡಲಿಲ್ಲ.

ಆಮೇಲೆ, ಹದಿನೆಂಟು ವರ್ಷದಿಂದ ನಮ್ಮಲ್ಲಿ ಕೆಲಸಕ್ಕಿರುವ, ರಾಯಕೋಟೆಯವರೇ ಆದ ಗುಮಾಸ್ತರಿಗೆ ಸಂಜೆಯ ಅಂಗಡಿಯ ಜವಾಬ್ದಾರಿ ಕೊಟ್ಟೆವು. ಐದರಿಂದ ಏಳೂವರೆಯ ವ್ಯಾಪಾರದಲ್ಲಿ ಅವರಿಗೆ ಪಾಲು. ಬೀಗದ ಕೈ ಇನ್ನೊಬ್ಬರಿಗೆ ಕೊಡುವುದು ನಮ್ಮಂಥ ಮನೆಗಳಲ್ಲಿ ಕಾರು ಕೊಳ್ಳುವುದಕ್ಕಿಂತ ದೊಡ್ಡ ನಿರ್ಧಾರ. ಅಣ್ಣ ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ಇಳಿದ ವ್ಯಾಪಾರದಲ್ಲಿ ಅರ್ಧ ವಾಪಸು ಬಂದಿದೆ, ಅರ್ಧ ಬಂದಿಲ್ಲ. ಬರುತ್ತದೆಂಬ ಆಸೆಯೂ ಈಗಿಲ್ಲ.

ಮದುವೆ, ಆಸ್ಪತ್ರೆ ಎಂದು ರಾತ್ರಿ ಬರಲೇಬೇಕಾದ ದಿನ ಸಾನಮಾವನ್ನು ಬಿಟ್ಟು ಹೆದ್ದಾರಿಯ ಮೇಲೆ ಸುತ್ತಿ ಬರುವುದೋ, ನೆಂಟರ ಮನೆಯಲ್ಲಿ ಉಳಿಯುವುದೋ ನೋಡುತ್ತೇವೆ. ಸುತ್ತುದಾರಿಯಲ್ಲೂ ಆನೆ ದಾಟುತ್ತದೆ, ಆದ್ದರಿಂದ ಹೆಚ್ಚಾಗಿ ಉಳಿಯುತ್ತೇವೆ. ಕಾರಿನಲ್ಲಿ ಒಂದು ಜಮಖಾನೆ, ನೀರಿನ ಕ್ಯಾನು, ಅಮ್ಮನ ಮಾತ್ರೆ ಸದಾ ಇರುತ್ತವೆ.

ಅಣ್ಣನ ಮಗ ಈಗಲೂ ಓಡಿಸುತ್ತಾನೆ. ಸಾನಮಾವಿನ ತಿರುವು ಬಂದ ಕೂಡಲೇ, ಹಗಲಿದ್ದರೂ, ವೇಗ 50ಕ್ಕಿಳಿಯುತ್ತದೆ. ಹಿಂದಿನವರು ಹಾರನ್ ಹೊಡೆದರೆ ಎಡಕ್ಕೆ ಸರಿದು ದಾರಿ ಬಿಡುತ್ತಾನೆ. ಮೊನ್ನೆ ಐದೂಕಾಲಿಗೆ ಮನೆ ತಲುಪಿದೆವು. ಬಿಸಿಲಿನ್ನೂ ಅಂಗಳದಲ್ಲಿತ್ತು. ಅಮ್ಮ ತಟ್ಟೆ ಹಾಕಿ, ಗಡಿಯಾರ ನೋಡಿ, "ಇವತ್ತು ಎರಡು ನಿಮಿಷ ಲೇಟು," ಎಂದು ನಕ್ಕರು.